ಶುಂಠಿಯೇ ಇಲ್ಲದ 'ಜಿಂಜರ್ಲಿ'!

ಇಂಗ್ಲಿಷಿನಲ್ಲಿ 'ಜಿಂಜರ್ಲಿ' ಅಂತ ಒಂದು ಕ್ರಿಯಾವಿಶೇಷಣವಿದೆ. ಒಡೆದ ಗಾಜಿನ ಚೂರನ್ನು ಬೆರಳ ತುದಿಯಲ್ಲಿ ಎತ್ತುತ್ತೇವಲ್ಲ, ಆ ನಾಜೂಕು, ಆ ಅಳುಕು, ಆ ಎಚ್ಚರ, ಎಲ್ಲ ಸೇರಿದರೆ ಜಿಂಜರ್ಲಿ. ಕೇಳಿದ ಕೂಡಲೇ ನೆನಪಾಗುವುದು 'ಜಿಂಜರ್', ನಮ್ಮ ಶುಂಠಿ. ಆದರೆ ಅಷ್ಟು ಖಾರದ ಶುಂಠಿಗೂ ಇಷ್ಟು ಮೆತ್ತನೆಯ ನಡೆಗೂ ಏನು ನಂಟು? ಏನೇನೂ ಇಲ್ಲ!

ಈ ಪದ ಬರವಣಿಗೆಯಲ್ಲಿ ಕಾಣಿಸಿಕೊಂಡದ್ದು 16ನೇ ಶತಮಾನದ ಆರಂಭದಲ್ಲಿ. ಆಗ ಅದು ಕುಣಿಯುವವರು ಬೆಡಗಿನಿಂದ ಇಡುವ ಪುಟ್ಟ ಪುಟ್ಟ ಹೆಜ್ಜೆಯ ಮಾತು. ಆಮೇಲೆ ಕಾಲಿನಿಂದ ಕೈಗೂ ಬಂತು. ಶೇಕ್ಸ್‌ಪಿಯರನ 'ದಿ ಟು ಜಂಟಲ್‌ಮೆನ್ ಆಫ್ ವೆರೋನಾ' ನಾಟಕದಲ್ಲಿ ಸಖಿ ಲೂಸೆಟ್ಟಾ ಕೆಳಗೆ ಬಿದ್ದ ಪ್ರೇಮಪತ್ರವನ್ನು ಎತ್ತಿಕೊಳ್ಳುತ್ತಾಳೆ. ಅದೇನೆಂದು ಕೇಳುವ ಒಡತಿ ಜೂಲಿಯಾಳ ಬಾಯಲ್ಲಿ ಇದೇ ಪದ!

ಹಾಗಾದರೆ ಹುಟ್ಟಿದ್ದೆಲ್ಲಿ? ವಿದ್ವಾಂಸರು ಬೆರಳು ಮಾಡುವುದು ಹಳೆಯ ಫ್ರೆಂಚಿನ 'ಜೆನ್ಸೋರ್' ಕಡೆಗೆ. ಹೆಚ್ಚು ಸೊಗಸಾದ, ಹೆಚ್ಚು ನವಿರಾದ ಎಂದು ಅದರ ಅರ್ಥ. ಅದರ ಹಿಂದೆ ಲ್ಯಾಟಿನ್ನಿನ 'ಗೆನಿತುಸ್', ಅಂದರೆ ಹುಟ್ಟಿದ. ಒಳ್ಳೆಯ ಮನೆತನದಲ್ಲಿ ಹುಟ್ಟಿದವರ ನಡೆಯೂ ನಯ ಎಂದು ಆ ಕಾಲ ನಂಬಿತ್ತು. ಇನ್ನೂ ಆಳಕ್ಕೆ ಇಳಿದರೆ ಮೈ ಜುಮ್ಮೆನ್ನುತ್ತದೆ: ಈ 'ಗೆನ್' ಮತ್ತು ಸಂಸ್ಕೃತದ 'ಜನ್' ಒಂದೇ ಧಾತುವಿನ ಕುಡಿಗಳು. ನಾವು ದಿನವೂ ಆಡುವ ಜನನ, ಜನ್ಮ, ಜನಕ ಎಲ್ಲ ಆ ಬಳಗದವೇ!

ಶುಂಠಿಯ 'ಜಿಂಜರ್' ದಾರಿಯೇ ಬೇರೆ. ಅದು ಲ್ಯಾಟಿನ್ನಿಗೆ ಬಂದದ್ದು ಗ್ರೀಕಿನ 'ಜಿಂಗಿಬೆರಿಸ್'ನಿಂದ, ಗ್ರೀಕಿಗೆ ಹೋದದ್ದು ಪ್ರಾಕೃತದ ಮೂಲಕ. ಸಂಸ್ಕೃತದಲ್ಲಿ ಅದು 'ಶೃಂಗವೇರ'. ಕೊಂಬಿನ ಆಕಾರ ನೋಡಿ 'ಶೃಂಗ' ಎಂದರು ಅನ್ನುವುದು ಆಮೇಲೆ ಹೊಂದಿಸಿದ ಕಥೆ. ಮೂಲ ಇರುವುದು ದ್ರಾವಿಡದಲ್ಲಿ: 'ಇಂಜಿ' ಮತ್ತು 'ವೇರ್'. ತಮಿಳು, ಮಲಯಾಳದವರು ಇಂದಿಗೂ ಹಸಿಶುಂಠಿಗೆ ಇಂಜಿ ಎನ್ನುತ್ತಾರೆ. ಇನ್ನು 'ವೇರ್'? ವಕಾರ ಬಕಾರವಾಗುವುದು ಕನ್ನಡದ ಹಳೆಯ ರೂಢಿ. ಅದು ನಮ್ಮ 'ಬೇರು'! ಅಲನ್ ರಾಸ್ ಎಂಬ ಭಾಷಾಶಾಸ್ತ್ರಜ್ಞರು ಜಿಂಜರ್ ಎಂಬ ಈ ಒಂದೇ ಪದದ ಪಯಣದ ಮೇಲೆ 1952ರಲ್ಲಿ ಇಡೀ ಪುಸ್ತಕವನ್ನೇ ಪ್ರಕಟಿಸಿದರು.

ನೋಡಿ, ಅವಳಿಗಳಂತೆ ಕಾಣುವ ಎರಡು ಪದಗಳು. ಒಂದಕ್ಕೆ ನಮ್ಮ 'ಜನ್ಮ' ನೆಂಟ, ಇನ್ನೊಂದಕ್ಕೆ ನಮ್ಮ 'ಬೇರು' ನೆಂಟ. ತಮ್ಮತಮ್ಮಲ್ಲಿ ಮಾತ್ರ ರಕ್ತಸಂಬಂಧವಿಲ್ಲ! ಮುಂದಿನ ಸಲ ನಿಘಂಟು ತೆರೆದಾಗ ಅರ್ಥ ಸಿಕ್ಕಿತೆಂದು ಮುಚ್ಚಿಬಿಡಬೇಡಿ. ಪದದ ಹುಟ್ಟು ಹೇಳುವ ಸಾಲನ್ನೂ ತಪ್ಪದೆ ಓದಿ.