ಗರ್ಭಿಣಿಗೆ ರೂಟ್ ಕೆನಾಲ್: ‘ಹೆರಿಗೆ ಆಗಲಿ, ಆಮೇಲೆ ನೋಡೋಣ’ ಅನ್ನುವುದು ಸರಿಯೇ?

"ಹೊಟ್ಟೆಯಲ್ಲಿ ಮಗು ಇದೆ, ಈಗ ಹಲ್ಲಿಗೆ ಕೈ ಹಾಕೋದು ಬೇಡ." ಹಲ್ಲುನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟ ಗರ್ಭಿಣಿಗೆ ಮನೆಯ ಹಿರಿಯರು ಹೇಳುವ ಮಾತಿದು. ಕೆಲವೊಮ್ಮೆ ದಂತವೈದ್ಯರೂ ಹೀಗೇ ಹೇಳಿ ಕಳುಹಿಸುವುದುಂಟು.

ಮಂಗಳೂರಿನಲ್ಲಾದರೆ ಒಬ್ಬರು ಬೇಡವೆಂದರೆ ದೇರಳಕಟ್ಟೆಯ ಯೆನೆಪೋಯ ದಂತ ಕಾಲೇಜಿಗೆ ಹೋಗಬಹುದು. ಆದರೆ ತೆಲಂಗಾಣದ ಗಡಿಯ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳಲ್ಲಿರುವ ಕನ್ನಡದ ಮನೆಯವರು ದಂತ ಕಾಲೇಜಿಗೆಂದು ರಾಯಚೂರಿನಂಥ ಊರಿಗೆ ಹೋಗಬೇಕು. ಮಕ್ತಲ್‌ನಿಂದ ರಾಯಚೂರಿಗಾದರೆ ಕೃಷ್ಣಾ ನದಿ ದಾಟಬೇಕು. ತುಂಬು ಗರ್ಭಿಣಿಗೆ ಅದು ಸಣ್ಣ ಪ್ರಯಾಣವಲ್ಲ. ಹಾಗಾಗಿ ಊರಿನ ದಂತವೈದ್ಯರಿಗೆ ಈ ವಿಷಯ ಸರಿಯಾಗಿ ತಿಳಿದಿರುವುದು ಬಹಳ ಮುಖ್ಯ.

ಹುಳುಕು ಹಲ್ಲಿನ ನರದವರೆಗೆ ಇಳಿದರೆ ಸೋಂಕಾಗಿ ಕೀವು ತುಂಬಬಹುದು. ಆ ಭಾಗವನ್ನು ತೆಗೆದು, ಬೇರಿನ ನಾಳವನ್ನು ಶುಚಿ ಮಾಡಿ ಮುಚ್ಚುವುದೇ ರೂಟ್ ಕೆನಾಲ್. ಮಾತ್ರೆ ನುಂಗಿದರೆ ನೋವು ನಾಲ್ಕು ದಿನ ಅಡಗೀತು, ಸೋಂಕಿನ ಮೂಲ ಅಲ್ಲೇ ಇರುತ್ತದೆ. ಅದು ಹರಡಿದರೆ ಮುಖ ಊದಿ, ಜ್ವರ ಬಂದು ತಾಯಿಯ ಜೀವಕ್ಕೇ ಅಪಾಯವಾಗಬಹುದು.

ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2013ರಲ್ಲೇ, ರೂಟ್ ಕೆನಾಲ್‌ನಂಥ ತುರ್ತು ಚಿಕಿತ್ಸೆಯನ್ನು ಗರ್ಭಿಣಿಯರಿಗೆ ಮುಂದೂಡಬಾರದು ಎಂದು ಹೇಳಿದೆ. 823 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, 13ರಿಂದ 21ನೇ ವಾರದ ನಡುವೆ ಅಗತ್ಯ ಹಲ್ಲಿನ ಚಿಕಿತ್ಸೆ ಪಡೆದವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಹೆಚ್ಚಾಗಿರಲಿಲ್ಲ.

ವೈದ್ಯರೂ ಮನೆಯವರೂ ತಿಳಿದಿರಬೇಕಾದದ್ದು:

* ಸಮಯ: ನಾಲ್ಕರಿಂದ ಆರನೇ ತಿಂಗಳು ಹೆಚ್ಚು ಅನುಕೂಲ. ಆದರೆ ತೀವ್ರ ನೋವು, ಬಾವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು.
* ಎಕ್ಸ್-ರೇ: ಅಗತ್ಯವಿದ್ದರೆ ತೆಗೆಯಬಹುದು. ಹಲ್ಲಿನ ಎಕ್ಸ್-ರೇಯಿಂದ ಗರ್ಭಕ್ಕೆ ತಲುಪುವ ವಿಕಿರಣ ತೀರಾ ಅತ್ಯಲ್ಪ.
* ಮರಗಟ್ಟಿಸುವ ಇಂಜೆಕ್ಷನ್: ಲಿಡೋಕೇನ್ ಸುರಕ್ಷಿತ.
* ಔಷಧ: ಅಗತ್ಯವಿದ್ದರೆ ಅಮೋಕ್ಸಿಸಿಲಿನ್ ಕೊಡಬಹುದು, ಅಲರ್ಜಿ ಇದ್ದರೆ ಮೊದಲೇ ಹೇಳಿ. ಟೆಟ್ರಾಸೈಕ್ಲಿನ್ ಬೇಡ, ಮಗುವಿನ ಹಲ್ಲಿನ ಬಣ್ಣ ಕೆಡುತ್ತದೆ. ನೋವಿಗೆ ವೈದ್ಯರು ಹೇಳಿದಷ್ಟೇ ಪ್ಯಾರಾಸಿಟಮಾಲ್. ಐಬುಪ್ರೊಫೆನ್ ಬೇಡ, ಅದರಲ್ಲೂ 20 ವಾರದ ನಂತರ.
* ಮಲಗುವ ರೀತಿ: ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿಸಿದರೆ ತಲೆಸುತ್ತು ಬರಬಹುದು. ಬಲ ಸೊಂಟದ ಕೆಳಗೆ ದಿಂಬಿಟ್ಟು ಸ್ವಲ್ಪ ಎಡಕ್ಕೆ ವಾಲಿಸಬೇಕು.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ತರುವ ಅಭ್ಯಾಸ ನಮ್ಮ ಯುವಕರು ಮೊದಲು ಬಿಡಬೇಕು. ಹೆಂಡತಿಗೋ ತಂಗಿಗೋ ಹಲ್ಲುನೋವು ಬಂದರೆ ತಾಯಿ ಕಾರ್ಡ್ ಹಿಡಿದು ದಂತವೈದ್ಯರ ಬಳಿ ಕರೆದುಕೊಂಡು ಹೋಗಿ, ಎಷ್ಟು ತಿಂಗಳೆಂದು ಹೇಳಿ. ಬಿಪಿ, ಶುಗರ್ ಇದ್ದರೆ ಹೆರಿಗೆ ಡಾಕ್ಟರ ಜೊತೆಯೂ ಮಾತಾಡಲು ಕೇಳಿಕೊಳ್ಳಿ. ಆಗಲ್ಲ ಅಂದರೆ ಯಾಕೆ ಆಗಲ್ಲ, ಎಲ್ಲಿಗೆ ಹೋಗಬೇಕು ಎಂದು ಕೇಳಿಯೇ ಬನ್ನಿ.