ಪ್ರೊಸೆಸರ್ ತಣಿಸಲು ನೀರೋ, ಗಾಳಿಯೋ?

ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ, ಪ್ರೊಸೆಸರಿಗೆ ಲಿಕ್ವಿಡ್ ಕೂಲರ್ ಇಲ್ಲದೆ ಆಗುವುದೇ ಇಲ್ಲ ಎಂಬ ನಂಬಿಕೆ ಕಂಪ್ಯೂಟರ್ ಜೋಡಿಸುವವರಲ್ಲಿ ಬಲವಾಗಿದೆ. ಒಂದು ಕೂಲರ್ ನೀರಿನಿಂದ ತಣಿಸುತ್ತದೆ, ಇನ್ನೊಂದು ಗಾಳಿಯಿಂದ ಎಂಬ ಎಣಿಕೆಯೇ ಇದಕ್ಕೆ ಮೂಲ. ವಾಸ್ತವದಲ್ಲಿ ಎರಡೂ ಶಾಖವನ್ನು ಕೊನೆಗೆ ಬಿಡುವುದು ಗಾಳಿಗೇ. ಲಿಕ್ವಿಡ್ ಕೂಲರಿನ ಪಂಪು ಬಿಸಿ ದ್ರವವನ್ನು ರೇಡಿಯೇಟರಿಗೆ ದೂಡುತ್ತದೆ. ಅಲ್ಲಿ ಅದನ್ನು ತಣಿಸುವುದು ಫ್ಯಾನಿನ ಗಾಳಿ. ಏರ್ ಕೂಲರಿನಲ್ಲೂ ನೀರಿದೆ! ಅದರ ತಾಮ್ರದ ಹೀಟ್ ಪೈಪಿನೊಳಗೆ ಸಾಮಾನ್ಯವಾಗಿ ತುಸು ನೀರು ತುಂಬಿ ಮುಚ್ಚಿರುತ್ತಾರೆ. ಒಳಗೆ ಒತ್ತಡ ತೀರಾ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗಿಂತ ಎಷ್ಟೋ ಮೊದಲೇ ಆವಿಯಾಗುತ್ತದೆ, ಅಲ್ಯೂಮಿನಿಯಂ ತಗಡುಗಳ ಬಳಿ ಮತ್ತೆ ನೀರಾಗುತ್ತದೆ, ಪೈಪಿನ ಒಳಮೈಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹರಿದು ಬುಡಕ್ಕೆ ಮರಳುತ್ತದೆ. ಪಂಪಿಲ್ಲದೆ ನಡೆಯುವ ಈ ಚಕ್ರಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ.

ನೀರು ಬಳಸಿದರೆ ಪ್ರೊಸೆಸರ್ ಕೋಣೆಗಿಂತ ತಣ್ಣಗಿರುತ್ತದೆ ಎಂಬುದೂ ತಪ್ಪು. ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 38 ಡಿಗ್ರಿ ಇದ್ದರೆ ಎರಡೂ ಕೂಲರಿನ ಲೆಕ್ಕ ಶುರುವಾಗುವುದು ಅಲ್ಲಿಂದಲೇ. 250 ವ್ಯಾಟ್ ಎಳೆಯುವ ಪ್ರೊಸೆಸರ್, ಮೇಲೆ ಯಾವ ಕೂಲರ್ ಕೂತಿದ್ದರೂ, ಅಷ್ಟೂ ಶಾಖವನ್ನು ಕೋಣೆಗೇ ಸುರಿಯುತ್ತದೆ.

ವೇಗ ಶೇ. 10 ಹೆಚ್ಚಿಸಿದರೆ ಶಾಖವೂ ಅಷ್ಟೇ ಹೆಚ್ಚುತ್ತದೆ ಎಂದುಕೊಳ್ಳುವವರಿದ್ದಾರೆ. ಆದರೆ ಆ ವೇಗಕ್ಕೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.20 ವೋಲ್ಟನ್ನು 1.35ಕ್ಕೆ ಒಯ್ದರೆ, ವೇಗದ ಹೆಚ್ಚಳವೂ ಸೇರಿ, ಶಾಖ ಸುಮಾರು ಶೇ. 40 ಹೆಚ್ಚುತ್ತದೆ. ಈ ಶಾಖ ಕೂಲರನ್ನು ಮುಟ್ಟುವ ಮೊದಲು ಚಿಪ್ಪಿನಿಂದ ಲೋಹದ ಮುಚ್ಚಳಕ್ಕೆ ದಾಟಬೇಕು. 2012ರ ಐವಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ಇಂಟೆಲ್ ಈ ನಡುವಿನ ಬೆಸುಗೆಯನ್ನು ಬಿಟ್ಟು ಥರ್ಮಲ್ ಪೇಸ್ಟ್ ಬಳಸಿತು. ಶಾಖ ಅಲ್ಲೇ ತಡೆಯಾದಾಗ ಮೇಲೆ ಎಷ್ಟು ದುಬಾರಿ ಕೂಲರ್ ಇಟ್ಟರೂ ಪ್ರಯೋಜನ ಅಲ್ಪ. 2018ರ ಕೋರ್ ಐ9-9900ಕೆಯಲ್ಲಿ ಬೆಸುಗೆ ಮರಳಿತು.

ಹಾಗೆಂದು ಲಿಕ್ವಿಡ್ ಕೂಲರ್ ವ್ಯರ್ಥವಲ್ಲ. ಮೂರು ಫ್ಯಾನಿನ 360 ಮಿ.ಮೀ. ರೇಡಿಯೇಟರಿಗೆ ಗಾಳಿ ತಾಗುವ ಮೈ ವಿಸ್ತಾರವಾಗಿದೆ, ಕೇಸಿನ ಅಂಚಿನಲ್ಲಿ ಕೂತು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳಲೂಬಲ್ಲದು. ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವ ಯಂತ್ರಕ್ಕೆ ಅದೇ ಸರಿ. ಆದರೆ 240 ಮಿ.ಮೀ. ರೇಡಿಯೇಟರಿಗೂ, 1.3 ಕಿಲೋ ತೂಗುವ ನೋಕ್ಟುವಾ ಎನ್‌ಎಚ್-ಡಿ15ರಂಥ ಏರ್ ಕೂಲರಿಗೂ ಇರುವ ಅಂತರ ಸಾಮಾನ್ಯವಾಗಿ ಕೆಲವೇ ಡಿಗ್ರಿ. ಐದು ನಿಮಿಷದ ಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ: ದ್ರವ ನಿಧಾನಕ್ಕೆ ಬಿಸಿಯಾಗುವುದರಿಂದ ಮೊದಮೊದಲು ಅಂಕಿ ಚೆನ್ನಾಗಿಯೇ ಕಾಣುತ್ತದೆ. ಅರ್ಧ ಗಂಟೆಯ ನಂತರದ ಅಂಕಿಯನ್ನೇ ನಂಬಬೇಕು.

ಸೋರಿಕೆಯ ಭಯ ಅತಿಯಾದದ್ದು. ಕಾರ್ಖಾನೆಯಲ್ಲೇ ಮುಚ್ಚಿ ಬರುವ ಕೂಲರುಗಳು ಸೋರುವುದು ಅಪರೂಪ. ಗಮನ ಬೇಕಾದದ್ದು ಪಂಪಿಗೆ. ವರ್ಷಗಳು ಕಳೆದಂತೆ ದ್ರವ ಕೊಳವೆಯ ಗೋಡೆಯ ಮೂಲಕ ಅಷ್ಟಿಷ್ಟು ಆರಿ, ಒಳಗೆ ಗಾಳಿಗುಳ್ಳೆ ಸೇರುತ್ತದೆ. ಗುಳ್ಳೆ ನಿಲ್ಲುವುದು ಅತಿ ಎತ್ತರದ ಜಾಗದಲ್ಲಿ. ಅಲ್ಲಿ ಪಂಪಿದ್ದರೆ ಗುಳುಗುಳು ಸದ್ದು ಮಾಡಿ ಬೇಗ ಸವೆಯುತ್ತದೆ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಪಂಪು ಕೆಟ್ಟರೆ ಹೆಚ್ಚಾಗಿ ಇಡೀ ಕೂಲರನ್ನೇ ಬದಲಿಸಬೇಕು. ಏರ್ ಕೂಲರಿನಲ್ಲಿ ಕೆಡುವುದು ಫ್ಯಾನ್ ಮಾತ್ರ, ಹೊಸದೊಂದು ಸಿಕ್ಕಿಸಿದರಾಯಿತು.