ವೆಬ್‌ಸೈಟಿನ ಬೀಗದ ಕೈ ಯಾರ ಬಳಿ ಇರಬೇಕು?
ಸರಳ ವಿಷಯ ನಿರ್ವಹಣಾ ವ್ಯವಸ್ಥೆಯನ್ನು ವಿನ್ಯಾಸಕಾರರು ಮೆಚ್ಚುವ ಕಾರಣಗಳು

ಮರಳವಾಡಿಯಲ್ಲಿ ಮರದ ಆಟಿಕೆಗಳನ್ನು ತಯಾರಿಸುವ ಸಣ್ಣ ಘಟಕವೊಂದಿದೆಯೆಂದು ಭಾವಿಸೋಣ. ಅದರ ಮಾಲೀಕರು 2005ರಲ್ಲಿ ಹಣ ಖರ್ಚು ಮಾಡಿ ಒಂದು ವೆಬ್‌ಸೈಟ್ ಮಾಡಿಸಿದರೆಂದೂ ಇಟ್ಟುಕೊಳ್ಳೋಣ. ಆಗ ಅದರ ಪ್ರತಿಯೊಂದು ಪುಟದ ಅಡಿಯಲ್ಲಿದ್ದುದು ಕನಕಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂಬ ವಿಳಾಸ. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2014ರ ನವೆಂಬರ್ 1ರಿಂದ ಬೆಂಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದು 11 ಅಂಕಿಗಳ ಟಿನ್ ಸಂಖ್ಯೆ ಹೋಗಿ 15 ಅಕ್ಷರಾಂಕಗಳ ಹೊಸ ಸಂಖ್ಯೆ ಬಂದಿತು. ಹಾರೋಹಳ್ಳಿ ಪ್ರತ್ಯೇಕ ತಾಲ್ಲೂಕಾದಾಗ ಮರಳವಾಡಿ ಹೋಬಳಿ ಅದಕ್ಕೆ ಸೇರಿತು. 2020ರ ಜುಲೈ 1ರಿಂದ ಉದ್ಯೋಗ್ ಆಧಾರ್ ಬದಲು ಉದ್ಯಮ್ ನೋಂದಣಿ ಬಂದಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಮರದ ಆಟಿಕೆಗಳ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು.

ಇಪ್ಪತ್ತು ವರ್ಷಗಳಲ್ಲಿ ಮಾಲೀಕರು ತಮ್ಮ ಶೆಡ್ಡನ್ನು ಒಂದು ಅಡಿಯೂ ಕದಲಿಸಿಲ್ಲ. ಆದರೆ ಅವರ ತಾಲ್ಲೂಕು, ಜಿಲ್ಲೆ, ನೋಂದಣಿ ಸಂಖ್ಯೆ, ತೆರಿಗೆ ದರ ಎಲ್ಲವೂ ಬದಲಾಗಿವೆ. ಈ ಬದಲಾವಣೆಗಳಲ್ಲಿ ಎಷ್ಟು ಅವರ ವೆಬ್‌ಸೈಟಿನಲ್ಲಿ ದಾಖಲಾಗಿವೆ? ಸದಸ್ಯರು ತಮ್ಮ ತಮ್ಮ ವೆಬ್‌ಸೈಟ್‌ಗಳನ್ನು ಇಂದೇ ತೆರೆದು ನೋಡಿಕೊಳ್ಳುವುದು ಒಳ್ಳೆಯದು. ಇಂದಿಗೂ ಟಿನ್ ಸಂಖ್ಯೆಯನ್ನು ಪ್ರದರ್ಶಿಸುವ ವೆಬ್‌ಸೈಟನ್ನು ಕಂಡ ಮುಂಬಯಿಯ ಖರೀದಿದಾರನು, ಈ ಘಟಕ ಮುಚ್ಚಿಹೋಗಿದೆ ಎಂದೇ ತಿಳಿಯುತ್ತಾನೆ. ಆತನು ದೂರವಾಣಿ ಮಾಡಿ ವಿಚಾರಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ. ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತಾನೆ. ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಹಳೆಯ ವಿಧಾನ

ಈ ಶತಮಾನದ ಆರಂಭದಲ್ಲಿ ಸಣ್ಣ ಉದ್ಯಮಗಳ ವೆಬ್‌ಸೈಟ್‌ಗಳನ್ನು ಹೆಚ್ಚಾಗಿ ಫ್ರಂಟ್‌ಪೇಜ್ ಅಥವಾ ಡ್ರೀಮ್‌ವೀವರ್ ಎಂಬ ತಂತ್ರಾಂಶಗಳಲ್ಲಿ ಸಿದ್ಧಪಡಿಸಲಾಗುತ್ತಿತ್ತು. ಪ್ರತಿ ಪುಟವೂ ಒಂದೊಂದು ಪ್ರತ್ಯೇಕ ಕಡತ. ಮೂವತ್ತು ಪುಟಗಳಿದ್ದರೆ ಮೂವತ್ತು ಕಡತಗಳು. ವಿಳಾಸ ಬದಲಾದರೆ ಮೂವತ್ತು ಕಡೆ ತಿದ್ದಿ, ಮತ್ತೆ ಸರ್ವರ್‌ಗೆ ಏರಿಸಬೇಕಾಗಿತ್ತು. ಬರಹವೂ ಬಣ್ಣ, ಅಕ್ಷರದ ಗಾತ್ರ, ಚಿತ್ರದ ಸ್ಥಾನಗಳ ಸೂಚನೆಗಳೂ ಒಂದೇ ಕಡತದಲ್ಲಿ ಬೆರೆತಿರುತ್ತಿದ್ದವು. ಆದುದರಿಂದ ಒಂದು ಬೆಲೆಯನ್ನು ತಿದ್ದಲು ಹೋದ ಗುಮಾಸ್ತನು ಒಂದು ಚಿಹ್ನೆಯನ್ನು ಅಳಿಸಿಬಿಟ್ಟರೆ ಪುಟವೇ ಅಸ್ತವ್ಯಸ್ತವಾಗುತ್ತಿತ್ತು. ಹೀಗಾಗಿ ಪ್ರತಿ ಸಣ್ಣ ಬದಲಾವಣೆಗೂ ವಿನ್ಯಾಸಕಾರನನ್ನೇ ಕರೆಯಬೇಕಾಗಿತ್ತು.

ಇದರಿಂದ ವಿನ್ಯಾಸಕಾರನಿಗೆ ಲಾಭವಿತ್ತೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಹಾಗಿಲ್ಲ. ದೂರವಾಣಿ ಸಂಖ್ಯೆ ಬದಲಿಸಿಕೊಟ್ಟುದಕ್ಕೆ ಬಿಲ್ ಕಳುಹಿಸಿದರೆ ಗ್ರಾಹಕ ಮುನಿಸಿಕೊಳ್ಳುತ್ತಾನೆ. ಕಳುಹಿಸದಿದ್ದರೆ ಅವನ ದಿನದ ಅರ್ಧ ಇಂತಹ ಕೆಲಸಗಳಲ್ಲಿಯೇ ಕಳೆದುಹೋಗುತ್ತದೆ. ಐವತ್ತು ಗ್ರಾಹಕರಿರುವ ವಿನ್ಯಾಸಕಾರನು ಜಿ.ಎಸ್.ಟಿ. ಜಾರಿಯಾದ ವಾರದಲ್ಲಿ ಏನು ಮಾಡಬೇಕು? ಅವನಿಗೆ ಹೊಸ ಕೆಲಸ ಬೇಕು, ಬೆರಳಚ್ಚುಗಾರನ ಕೆಲಸವಲ್ಲ. ಸರಳ ವ್ಯವಸ್ಥೆಯನ್ನು ಅವನು ಬಯಸುವುದಕ್ಕೆ ಮೊದಲ ಕಾರಣ ಇದೇ.

ವಿಷಯ ಬೇರೆ, ರೂಪ ಬೇರೆ

ಇದಕ್ಕೆ ಪರಿಹಾರವಾಗಿ ಬಂದುದು ವಿಷಯ ನಿರ್ವಹಣಾ ವ್ಯವಸ್ಥೆ, ವೃತ್ತಿಯವರು ಸಿ.ಎಂ.ಎಸ್. ಎನ್ನುತ್ತಾರೆ. ಇದರ ತತ್ತ್ವವನ್ನು ನಮ್ಮ ಸದಸ್ಯರಿಗೆ ವಿವರಿಸಲು ಟ್ಯಾಲಿಗಿಂತ ಉತ್ತಮ ಉದಾಹರಣೆ ಬೇಕಿಲ್ಲ. ಕೈಬರಹದ ಕಾಲದಲ್ಲಿ ಒಂದು ನಮೂದನ್ನು ರೋಜು ಪುಸ್ತಕದಲ್ಲಿ ಬರೆದು, ಖಾತೆಗೆ ಏರಿಸಿ, ತಾಳೆಪಟ್ಟಿಗೆ ತರಬೇಕಾಗಿತ್ತು. ಟ್ಯಾಲಿಯಲ್ಲಿ ವೋಚರ್ ಒಮ್ಮೆ ನಮೂದಿಸಿದರೆ ಸಾಕು. ಖಾತೆ, ತಾಳೆಪಟ್ಟಿ, ಲಾಭನಷ್ಟ ಪಟ್ಟಿಗಳೆಲ್ಲ ಅದರಿಂದಲೇ ಸಿದ್ಧವಾಗುತ್ತವೆ. ಸಂಸ್ಥೆಯ ವಿಳಾಸವನ್ನು ಒಂದು ಕಡೆ ತಿದ್ದಿದರೆ ಅನಂತರದ ಬಿಲ್ಲುಗಳೆಲ್ಲ ಹೊಸ ವಿಳಾಸದೊಂದಿಗೆ ಮುದ್ರಣವಾಗುತ್ತವೆ. ಸಿ.ಎಂ.ಎಸ್. ಮಾಡುವುದೂ ಇದನ್ನೇ. ಬರಹ, ಬೆಲೆ, ಚಿತ್ರಗಳ ವಿವರ ದತ್ತಾಂಶ ಸಂಗ್ರಹದಲ್ಲಿರುತ್ತವೆ. ಪುಟ ಹೇಗೆ ಕಾಣಬೇಕೆಂಬ ಸೂಚನೆಗಳು ಪ್ರತ್ಯೇಕ ಅಚ್ಚಿನಲ್ಲಿರುತ್ತವೆ. ನೋಡುಗನು ಪುಟ ಕೇಳಿದಾಗ ಇವೆರಡೂ ಸೇರಿ ಪುಟವಾಗುತ್ತವೆ. ಮಾಲೀಕರು ಅಚ್ಚನ್ನು ಮುಟ್ಟುವುದಿಲ್ಲ, ವಿನ್ಯಾಸಕಾರನು ಬೆಲೆಯನ್ನು ಮುಟ್ಟುವುದಿಲ್ಲ. ಐದು ವರ್ಷದ ನಂತರ ವೆಬ್‌ಸೈಟಿನ ರೂಪ ಹಳತೆನಿಸಿದರೆ ಅಚ್ಚು ಮಾತ್ರ ಬದಲಾಗುತ್ತದೆ. ಬರಹವನ್ನು ಪುನಃ ಬೆರಳಚ್ಚು ಮಾಡಿಸಬೇಕಿಲ್ಲ.

ನಮ್ಮ ಜಿಲ್ಲಾಡಳಿತದ ಜಾಲತಾಣವೂ ಈ ಬಗೆಯದೇ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿರುವ ಎಸ್3ವಾಸ್ ಎಂಬ ಚೌಕಟ್ಟಿನಲ್ಲಿ ದೇಶದ ಜಿಲ್ಲೆಗಳ ಜಾಲತಾಣಗಳನ್ನು ಕಟ್ಟಲಾಗಿದೆ. ಅಚ್ಚು ಸಾಮಾನ್ಯ, ಒಳಗಿನ ಮಾಹಿತಿಯನ್ನು ತುಂಬುವುದು ಆಯಾ ಜಿಲ್ಲಾ ಕಛೇರಿ. ಖಾಸಗಿ ವಲಯದಲ್ಲಿ ಕನ್ನಡಿಗರು ಇದನ್ನು ಇನ್ನೂ ಮೊದಲೇ ಕಂಡುಕೊಂಡಿದ್ದರು. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ ‘ಸಂಪದ’ ಜಾಲತಾಣವನ್ನು ದ್ರುಪಲ್ ಎಂಬ ಮುಕ್ತ ವ್ಯವಸ್ಥೆಯ ಮೇಲೆ ಕಟ್ಟಲಾಗಿತ್ತು. ತಂತ್ರಾಂಶ ಬಾರದ ಲೇಖಕರೂ ಅಲ್ಲಿ ಕನ್ನಡದಲ್ಲಿ ಬರೆದು ಪ್ರಕಟಿಸಲು ಸಾಧ್ಯವಾದುದು ಇಂತಹ ವ್ಯವಸ್ಥೆಯಿಂದಲೇ.

ದ್ರುಪಲ್ 2001ರಲ್ಲಿ ಬಂದಿತು. ಬಲಶಾಲಿ, ಆದರೆ ಕಲಿಯಲು ಕಾಲ ಬೇಕು. ಜೂಮ್ಲಾ 2005ರಲ್ಲಿ ಮ್ಯಾಂಬೊ ಎಂಬ ವ್ಯವಸ್ಥೆಯಿಂದ ಕವಲೊಡೆಯಿತು. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲನ್‌ವೆಗ್ ಮತ್ತು ಮೈಕ್ ಲಿಟ್ಲ್ ಬಿಡುಗಡೆ ಮಾಡಿದ ವರ್ಡ್‌ಪ್ರೆಸ್ ದಿನಚರಿ ಬರೆಯುವವರ ಸಾಧನವಾಗಿ ಆರಂಭವಾಗಿ, ಇಂದು ಜಗತ್ತಿನ ಪ್ರತಿ ಹತ್ತು ವೆಬ್‌ಸೈಟುಗಳಲ್ಲಿ ನಾಲ್ಕಕ್ಕಿಂತ ಹೆಚ್ಚಿನವುಗಳಿಗೆ ಆಧಾರವಾಗಿದೆ. ಮೂರೂ ಉಚಿತ, ಮೂರರ ಮೂಲಸಂಕೇತವೂ ಮುಕ್ತ. ಮೂರರಲ್ಲಿ ಹೆಚ್ಚು ಬಲಶಾಲಿಯಾದುದಲ್ಲ, ಹೆಚ್ಚು ಸರಳವಾದುದೇ ಮುಂದೆ ಬಂದಿತೆಂಬುದನ್ನು ಗಮನಿಸಬೇಕು.

ಸರಳತೆಯೂ ನಮ್ಯತೆಯೂ

ಸರಳತೆಯೊಂದೇ ಸಾಲದು. ಸಿದ್ಧ ಉಡುಪಿನಂತೆ ಎಲ್ಲರಿಗೂ ಒಂದೇ ಅಳತೆಯ ವ್ಯವಸ್ಥೆಗಳೂ ಇವೆ; ಅಲ್ಲಿ ವಿನ್ಯಾಸಕಾರನ ಕೈ ಕಟ್ಟಿದಂತಾಗುತ್ತದೆ. ನಮ್ಮ ಆಟಿಕೆ ಘಟಕಕ್ಕೆ ಏನು ಬೇಕೆಂದು ನೋಡೋಣ. ಪ್ರತಿ ಸರಕಿಗೂ ಹೆಸರು, ಅಳತೆ, ಬಳಸಿದ ಮರ, ಅರಗಿನ ಬಣ್ಣ, ಎಚ್.ಎಸ್.ಎನ್. ಸಂಖ್ಯೆ, ತೆರಿಗೆ ದರ, ಕನಿಷ್ಠ ಬೇಡಿಕೆಯ ಪ್ರಮಾಣ, ಸಗಟು ಬೆಲೆ. ನಮ್ಯವಾದ ವ್ಯವಸ್ಥೆಯಲ್ಲಿ ವಿನ್ಯಾಸಕಾರನು ಈ ಒಂದೊಂದಕ್ಕೂ ಒಂದು ಕಲಂ ಮಾಡಿಕೊಡುತ್ತಾನೆ. ಗುಮಾಸ್ತನಿಗೆ ಕಾಣುವುದು ಆ ಎಂಟು ಚೌಕಗಳು ಮಾತ್ರ. 2010ರ ಮೂರನೆಯ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಇಂತಹ ಪ್ರತ್ಯೇಕ ವಿಷಯವರ್ಗಗಳನ್ನು ಮಾಡುವುದು ಸುಲಭವಾಯಿತು. ವಿನ್ಯಾಸಕಾರರು ಅದರತ್ತ ಹೆಚ್ಚಾಗಿ ತಿರುಗಿದುದಕ್ಕೆ ಇದೂ ಒಂದು ಕಾರಣ.

ಮುಂದೆ ಏನು ಬೇಕಾಗುವುದೆಂದು ಇಂದೇ ಹೇಳಲು ಯಾರಿಗೂ ಬಾರದು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಾಗ ಆಟಿಕೆ ತಯಾರಕರಿಗೆ ಬಿ.ಐ.ಎಸ್. ಗುರುತು ಕಡ್ಡಾಯವಾಯಿತು, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದಡಿ ನೋಂದಾಯಿತರಾದವರಿಗೂ ವಿನಾಯಿತಿ ದೊರೆಯಿತು. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಇರುವುದರಿಂದ ನಮ್ಮ ಭಾಗದ ಖರೀದಿದಾರರು ಮೊದಲು ಕೇಳುವ ಪ್ರಶ್ನೆಯೇ ಅದಾಯಿತು. ಪರವಾನಗಿ ಸಂಖ್ಯೆ ಅಥವಾ ವಿನಾಯಿತಿಯ ಆಧಾರವನ್ನು ತೋರಿಸಲು ಒಂಬತ್ತನೆಯ ಕಲಂ ಬೇಕಾಯಿತು. ನಮ್ಯವಾದ ವ್ಯವಸ್ಥೆಯಲ್ಲಿ ಅದು ಅರ್ಧ ದಿನದ ಕೆಲಸ. ಬೆಲೆಪಟ್ಟಿಯನ್ನು ಚಿತ್ರರೂಪದಲ್ಲಿ ಅಂಟಿಸಿದ ವೆಬ್‌ಸೈಟಿನಲ್ಲಿ ಇಡೀ ಪಟ್ಟಿಯನ್ನು ಹೊಸದಾಗಿ ಮಾಡಿಸಬೇಕು. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳವಿದೆ, ಅದನ್ನು ಬಿಡಬೇಕು. ಅದರೊಳಗಿನ ಬೆಲೆಯನ್ನು ತಿದ್ದಲಾಗುವುದಿಲ್ಲ.

2025ರ ಸೆಪ್ಟೆಂಬರ್ 3ರಂದು ಜಿ.ಎಸ್.ಟಿ. ಮಂಡಳಿ ದರಗಳ ನಿರ್ಧಾರ ಮಾಡಿತು, 22ರಿಂದ ಅವು ಜಾರಿಗೆ ಬಂದವು. ನಡುವೆ ಇದ್ದುದು 19 ದಿನಗಳು. ತೆರಿಗೆ ಸೇರಿಸಿದ ಬೆಲೆಯನ್ನು ಪ್ರದರ್ಶಿಸುತ್ತಿದ್ದವರು ಆ ಬೆಳಗ್ಗೆಯೇ ಬದಲಿಸಬೇಕಾಗಿತ್ತು. ವಿನ್ಯಾಸಕಾರನ ಬಿಡುವಿಗಾಗಿ ಕಾಯುವ ಪರಿಸ್ಥಿತಿಯಲ್ಲಿ ಇದು ಆಗುವ ಮಾತಲ್ಲ.

ಅಧಿಕಾರ ಹಂಚಿಕೆ

ಲೆಕ್ಕಪರಿಶೋಧಕನಾಗಿ ಈ ವ್ಯವಸ್ಥೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಅಧಿಕಾರ ಹಂಚಿಕೆ. ಚೆಕ್ ಬರೆಯುವವನು ಬೇರೆ, ಸಹಿ ಮಾಡುವವನು ಬೇರೆ ಇರಬೇಕೆಂದು ನಾವು ಹೇಳುತ್ತಲೇ ಬಂದಿದ್ದೇವೆ. ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಎಂಬ ಐದು ದರ್ಜೆಗಳಿವೆ. ಕಾಂಟ್ರಿಬ್ಯೂಟರ್ ಕರಡು ಬರೆಯಬಹುದು, ಪ್ರಕಟಿಸಲಾರ. ಎಡಿಟರ್ ಒಪ್ಪಿದ ಮೇಲೆ ಅದು ಹೊರಗೆ ಕಾಣುತ್ತದೆ. ಗುಮಾಸ್ತನಿಗೆ ಮೊದಲನೆಯ ಅಧಿಕಾರ, ಪಾಲುದಾರರಲ್ಲಿ ಒಬ್ಬರಿಗೆ ಎರಡನೆಯದು ಕೊಟ್ಟರೆ, ಸೊನ್ನೆಯೊಂದು ಬಿಟ್ಟುಹೋದ ಬೆಲೆ ಜಗತ್ತಿಗೆ ಕಾಣುವ ಮೊದಲೇ ಸಿಕ್ಕಿಬೀಳುತ್ತದೆ. ತಿದ್ದುವ ಮುನ್ನ ಇದ್ದ ಬರಹದ ಹಳೆಯ ಆವೃತ್ತಿಗಳನ್ನೂ ಈ ವ್ಯವಸ್ಥೆ ಉಳಿಸಿಕೊಳ್ಳುತ್ತದೆ. ಕಂಪನಿಗಳು ಬಳಸುವ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ ಜಾರಿಗೆ ಬಂದುದು 2023ರ ಏಪ್ರಿಲ್ 1ರಿಂದ. ಈ ವ್ಯವಸ್ಥೆಯಲ್ಲಿ ಪುಟಗಳಿಗೆ ಆ ಸೌಲಭ್ಯ 2008ರಿಂದಲೇ ಇದೆ.

ಕಂಪನಿಯಾಗಿ ನೋಂದಾಯಿಸಿಕೊಂಡ ಸದಸ್ಯರು ಇನ್ನೊಂದು ಅಂಶವನ್ನು ಗಮನಿಸಬೇಕು. 2014ರ ಕಂಪನಿಗಳ ಸ್ಥಾಪನಾ ನಿಯಮಗಳಲ್ಲಿ 26ನೆಯ ನಿಯಮದಂತೆ, ವೆಬ್‌ಸೈಟ್ ಇರುವ ಕಂಪನಿಯು ಅದರ ಮುಖಪುಟದಲ್ಲಿ ತನ್ನ ಹೆಸರು, ನೋಂದಾಯಿತ ಕಛೇರಿಯ ವಿಳಾಸ, ಸಿ.ಐ.ಎನ್. ಸಂಖ್ಯೆ, ದೂರವಾಣಿ, ಇ-ಮೇಲ್ ಮತ್ತು ವಿಚಾರಣೆಗೆ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಪ್ರಕಟಿಸಬೇಕು. ಆ ವ್ಯಕ್ತಿ ಕೆಲಸ ಬಿಟ್ಟ ದಿನವೇ ಹೆಸರು ಬದಲಾಗಬೇಕು. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಕನ್ನಡದ ಬಗ್ಗೆ ಒಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ನೇರವಾಗಿ ಅಂಟಿಸಿದರೆ ವೆಬ್‌ಸೈಟಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿಯೇ ಬರೆಯಬೇಕು, ಅಥವಾ ಪರಿವರ್ತಿಸಿಕೊಳ್ಳಬೇಕು.

ಬೀಗದ ಕೈ

ಎಷ್ಟೇ ಒಳ್ಳೆಯ ವ್ಯವಸ್ಥೆಯಿದ್ದರೂ ಅದರ ಒಡೆತನ ನಿಮ್ಮದಾಗಿರಬೇಕು. ವೆಬ್‌ಸೈಟಿನ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಅನೇಕ ಸಂದರ್ಭಗಳಲ್ಲಿ ಅದು ವಿನ್ಯಾಸಕಾರನ ಹೆಸರಿನಲ್ಲಿ, ಅವನ ಇ-ಮೇಲ್‌ನಲ್ಲಿರುತ್ತದೆ. ದುರುದ್ದೇಶದಿಂದಲ್ಲ, ಅನುಕೂಲಕ್ಕಾಗಿ. ಆದರೆ ಆತ ವೃತ್ತಿ ಬದಲಿಸಿದರೆ ಅಥವಾ ಊರು ಬಿಟ್ಟರೆ ನವೀಕರಣದ ಸೂಚನೆ ನಿಮ್ಮನ್ನು ತಲುಪುವುದಿಲ್ಲ, ಹೆಸರು ಕೈತಪ್ಪುತ್ತದೆ. ಜಾಗದ ಖಾತೆ ಮೇಸ್ತ್ರಿಯ ಹೆಸರಿನಲ್ಲಿದ್ದರೆ ನಾವು ಸುಮ್ಮನಿರುತ್ತೇವೆಯೇ? ಡೊಮೇನ್, ಹೋಸ್ಟಿಂಗ್ ಖಾತೆ, ಅಡ್ಮಿನಿಸ್ಟ್ರೇಟರ್ ಗುಪ್ತಪದ ಇವು ಮೂರೂ ಸಂಸ್ಥೆಯ ಹೆಸರಿನ ಇ-ಮೇಲ್‌ಗೆ ಸೇರಿರಬೇಕು. ಜೊತೆಗೆ, ಬರಹವನ್ನೆಲ್ಲ ಒಂದೇ ಕಡತವಾಗಿ ಹೊರತೆಗೆದು ಬೇರೆಡೆಗೆ ಒಯ್ಯಲು ಸಾಧ್ಯವೇ ಎಂದು ಕರಾರಿಗೆ ಮೊದಲೇ ಕೇಳಬೇಕು. ವರ್ಡ್‌ಪ್ರೆಸ್‌ನಲ್ಲಿ ಈ ಸೌಲಭ್ಯವಿದೆ. ತಿಂಗಳ ಬಾಡಿಗೆಗೆ ದೊರೆಯುವ ಕೆಲವು ಸೇವೆಗಳಲ್ಲಿ ಪುಟಗಳನ್ನು ಇದ್ದಂತೆಯೇ ಹೊರಗೊಯ್ಯಲಾಗುವುದಿಲ್ಲ.

ಈ ವ್ಯವಸ್ಥೆಗಳಿಗೂ ತೊಡಕುಗಳಿವೆ. ಹೆಚ್ಚು ಜನ ಬಳಸುವುದರಿಂದಲೇ ಕಳ್ಳರ ಕಣ್ಣೂ ಇವುಗಳ ಮೇಲಿದೆ. ಅಪಾಯ ಬರುವುದು ಹೆಚ್ಚಾಗಿ ಪ್ಲಗಿನ್ ಎಂಬ ಹೊರಗಿನ ಜೋಡಣೆಗಳಿಂದ. ಮೂವತ್ತು ಪ್ಲಗಿನ್ ಹಾಕಿ ಕೊಟ್ಟ ವೆಬ್‌ಸೈಟನ್ನು ನಾನು ಸರಳವೆನ್ನಲಾರೆ. ನವೀಕರಣ ಮಾಡುವವರು ಯಾರು, ಪ್ರತಿಯನ್ನು ತೆಗೆದಿಡುವವರು ಯಾರು ಎಂಬುದು ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ಸ್ಪಷ್ಟವಾಗಿರಲಿ. ವಿನ್ಯಾಸಕಾರನಿಗೆ ಸಂಭಾವನೆ ಕೊಡಬೇಕಾದುದು ಇದಕ್ಕೆ, ಬೆಲೆ ತಿದ್ದಿದ್ದಕ್ಕಲ್ಲ. ಇನ್ನು ಎಲ್ಲರಿಗೂ ಇದು ಬೇಕೆಂದೂ ಅಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚಿ ಗೊತ್ತಿರುವ ನಾಲ್ಕು ವರ್ತಕರಿಗೆ ಮಾರುವ ರೀಲರ್‌ಗೆ, ಧಾರಣೆ ದಿನದಿನಕ್ಕೂ ಏರಿಳಿಯುವಾಗ ಬೆಲೆಪಟ್ಟಿಯೇ ಇರುವುದಿಲ್ಲ. ಹೆಸರು, ವಿಳಾಸ, ದೂರವಾಣಿ ಇರುವ ಒಂದು ಪುಟ ಸಾಕು.

ಲೆಕ್ಕದಲ್ಲಿ ಹೇಗೆ ತೋರಿಸಬೇಕೆಂದು ಕೇಳುವವರಿಗೆ: ತಮ್ಮ ಸರಕಿನ ಪ್ರಚಾರಕ್ಕಾಗಿಯೇ ಮುಖ್ಯವಾಗಿ ಮಾಡಿಸಿದ ವೆಬ್‌ಸೈಟಿನ ವೆಚ್ಚವನ್ನು ಆಸ್ತಿಯಾಗಿ ತೋರಿಸದೆ ಆಯಾ ವರ್ಷದ ಖರ್ಚಾಗಿ ಬರೆಯುವುದು ಲೆಕ್ಕಮಾನಕಗಳಿಗೆ ಅನುಗುಣವಾದುದು. ಹೋಸ್ಟಿಂಗ್ ಅಥವಾ ಅಚ್ಚುಗಳನ್ನು ವಿದೇಶಿ ಸಂಸ್ಥೆಯಿಂದ ಕಾರ್ಡ್ ಮೂಲಕ ಕೊಂಡಿದ್ದರೆ ಅದು ಸೇವೆಯ ಆಮದು. ಜಿ.ಎಸ್.ಟಿ. ನೋಂದಾಯಿತರು ವಿಪರ್ಯಯ ಶುಲ್ಕದ ಆಧಾರದ ಮೇಲೆ, ಅಂದರೆ ರಿವರ್ಸ್ ಚಾರ್ಜ್‌ನಲ್ಲಿ, ತಾವೇ ಐ.ಜಿ.ಎಸ್.ಟಿ. ಕಟ್ಟಬೇಕಾಗುತ್ತದೆ. ಸಾಮಾನ್ಯ ನೋಂದಣಿಯವರು ಅದರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಯೋಜನೆಯವರಿಗೆ ಜಮೆ ಇಲ್ಲ. ಈ ಬಿಲ್ಲುಗಳು ಇ-ಮೇಲ್‌ನಲ್ಲಿಯೇ ಉಳಿದುಬಿಡುತ್ತವೆ. ತಿಂಗಳ ರಿಟರ್ನ್‌ಗೆ ಮೊದಲು ಮುದ್ರಿಸಿ ನಿಮ್ಮ ಲೆಕ್ಕಿಗರ ಕೈಗೆ ಕೊಡಿ.